ವಂಶವೋ, ಊಟವೋ? ಮಗುವಿನ ಎತ್ತರವನ್ನು ಮನೆಯಲ್ಲೇ ಅಳೆದು ತಿಳಿಯುವ ಬಗೆ

ಮಗು ಗಿಡ್ಡ ಅನ್ನಿಸಿದ ಕೂಡಲೇ ಮನೆಯಲ್ಲಿ ಎರಡು ಮಾತು ಏಳುತ್ತವೆ. "ನಮ್ಮ ವಂಶದಲ್ಲೇ ಎಲ್ಲರೂ ಗಿಡ್ಡ, ಬಿಡಿ" ಅಂತ ಒಬ್ಬರು. "ಸರಿಯಾಗಿ ಊಟ ಮಾಡಲ್ಲ, ಅದಕ್ಕೇ ಹೀಗೆ" ಅಂತ ಇನ್ನೊಬ್ಬರು. ಎರಡರಲ್ಲೂ ಸತ್ಯದ ಪಾಲಿದೆ. ನಿಮ್ಮ ಮಗುವಿಗೆ ಯಾವುದು ಎಷ್ಟು ಹೊಂದುತ್ತದೆ ಅನ್ನುವುದನ್ನು ಊಹಿಸಿ ಹೇಳಲಾಗದು. ಆದರೆ ಒಂದು ಸ್ಟೀಲ್ ಟೇಪು, ಒಂದು ನೋಟ್‌ಬುಕ್ಕು, ಒಂದು ವರ್ಷದ ತಾಳ್ಮೆ ಇದ್ದರೆ ಬಹುಮಟ್ಟಿಗೆ ಗೊತ್ತುಮಾಡಿಕೊಳ್ಳಬಹುದು. ಇವತ್ತು ಮಗು ಎಷ್ಟು ಎತ್ತರ ಇದೆ ಎನ್ನುವುದಕ್ಕಿಂತ ವರ್ಷಕ್ಕೆ ಎಷ್ಟು ಬೆಳೆಯುತ್ತಿದೆ ಎನ್ನುವುದೇ ಇಲ್ಲಿ ಮುಖ್ಯ.

ಮೂಳೆ ಉದ್ದವಾಗುವ ಜಾಗ

ತೊಡೆ, ಮೊಣಕಾಲಿನ ಕೆಳಗಿನ ಭಾಗ, ತೋಳು ಇವುಗಳ ಉದ್ದ ಮೂಳೆಗಳ ತುದಿಯ ಹತ್ತಿರ ಮೃದ್ವಸ್ಥಿಯ ಒಂದು ತೆಳು ಪದರ ಇರುತ್ತದೆ. ಇದೇ ಗ್ರೋತ್ ಪ್ಲೇಟ್, ಅಂದರೆ ಬೆಳವಣಿಗೆಯ ಫಲಕ. ಇದರೊಳಗೆ ಜೀವಕೋಶಗಳು ನಾಣ್ಯದ ಗುಡ್ಡೆಯಂತೆ ಒಂದರ ಮೇಲೊಂದು ಸಾಲುಗಟ್ಟಿ ನಿಂತು, ಇಬ್ಭಾಗವಾಗಿ ಹೆಚ್ಚುತ್ತಾ, ಊದಿ, ಕೊನೆಗೆ ಸಾಯುತ್ತವೆ. ಅವು ಬಿಟ್ಟ ಜಾಗದಲ್ಲಿ ಸುಣ್ಣದ ಅಂಶ ಕೂತು ಗಟ್ಟಿ ಮೂಳೆಯಾಗುತ್ತದೆ. ಎತ್ತರ ಅಂದರೆ ಈ ಕೆಲಸ ಎಷ್ಟು ವೇಗವಾಗಿ, ಎಷ್ಟು ವರ್ಷ ನಡೆಯಿತು ಅನ್ನುವುದರ ಮೊತ್ತ.

ವಂಶವೂ ಪರಿಸರವೂ ಕೈಹಾಕುವುದು ಇದೇ ಪದರಕ್ಕೆ. ಎಫ್‌ಜಿಎಫ್‌ಆರ್3 ಎಂಬ ಜೀನ್ ಇಲ್ಲಿ ಬ್ರೇಕಿನ ಕೆಲಸ ಮಾಡುತ್ತದೆ. ಅದರ ಡಿಎನ್‌ಎಯಲ್ಲಿ ಒಂದೇ ಅಕ್ಷರ ಬದಲಾಗಿ ಬ್ರೇಕು ಸದಾ ಒತ್ತಿಕೊಂಡೇ ಇದ್ದರೆ, ಕೈಕಾಲು ಗಿಡ್ಡವಾಗಿಯೇ ಉಳಿಯುವ ಅಕಾಂಡ್ರೋಪ್ಲೇಸಿಯಾ ಆಗುತ್ತದೆ. ಅಂಥ ಮಕ್ಕಳಲ್ಲಿ ಸುಮಾರು 80 ಶೇಕಡಾ ಮಂದಿಗೆ ತಂದೆತಾಯಿ ಇಬ್ಬರೂ ಸಾಮಾನ್ಯ ಎತ್ತರದವರೇ. ಬದಲಾವಣೆ ಹೊಸದಾಗಿ ಬಂದಿರುತ್ತದೆ. ಇತ್ತ ಹೊಟ್ಟೆಗೆ ಸಾಲದಿದ್ದರೆ, ಮೇಲಿಂದ ಮೇಲೆ ಭೇದಿ ಜ್ವರ ಬರುತ್ತಿದ್ದರೆ, ಬೆಳವಣಿಗೆಯ ಹಾರ್ಮೋನು ಇದ್ದರೂ ಫಲಕವನ್ನು ಬೆಳೆಸುವ ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನನ್ನು ಯಕೃತ್ತು ಸಾಕಷ್ಟು ತಯಾರಿಸುವುದಿಲ್ಲ. ಫಲಕ ನಿಧಾನವಾಗುತ್ತದೆ. ದೇಹ ಮೊದಲು ಜೀವ ಉಳಿಸಿಕೊಳ್ಳುತ್ತದೆ, ಉದ್ದವಾಗುವುದನ್ನು ಮುಂದಕ್ಕೆ ಹಾಕುತ್ತದೆ.

ಹರೆಯದಲ್ಲಿ ಈಸ್ಟ್ರೋಜೆನ್ ಏರಿ ಫಲಕಗಳು ಮುಚ್ಚಿಕೊಳ್ಳುತ್ತವೆ, ಗಂಡುಮಕ್ಕಳಲ್ಲೂ ಇದೇ ಹಾರ್ಮೋನಿನಿಂದಲೇ. ಮುಚ್ಚಿದ ಮೇಲೆ ಯಾವ ಪುಡಿ, ಯಾವ ವ್ಯಾಯಾಮವೂ ಒಂದು ಮಿಲಿಮೀಟರ್ ಸೇರಿಸದು. ಕಂಬಿಗೆ ಜೋತಾಡಿದರೆ ಬೆನ್ನುಮೂಳೆಗಳ ನಡುವಿನ ಬಿಲ್ಲೆಗಳು ಸ್ವಲ್ಪ ಹಿಗ್ಗುತ್ತವೆ, ಸಂಜೆಯ ಹೊತ್ತಿಗೆ ಮತ್ತೆ ಕುಗ್ಗುತ್ತವೆ.

ಅಳೆಯುವಾಗ ತಪ್ಪುವುದು ಎಲ್ಲಿ

ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಮೊದಲ ಶತ್ರು ಸ್ಕರ್ಟಿಂಗ್. ಗೋಡೆಯ ಬುಡದಲ್ಲಿ ನಾಲ್ಕು ಅಂಗುಲ ಎತ್ತರಕ್ಕೆ ಹಾಕಿದ ಟೈಲ್ಸ್ ಪಟ್ಟಿ ಗೋಡೆಗಿಂತ ಸುಮಾರು ಒಂದು ಸೆಂ.ಮೀ. ಮುಂದೆ ಬಂದಿರುತ್ತದೆ. ಮಗುವಿನ ಹಿಮ್ಮಡಿ ಅದಕ್ಕೆ ತಾಗುತ್ತದೆ, ಬೆನ್ನು ಮಾತ್ರ ಹಿಂದಕ್ಕೆ ವಾಲಿ ಗೋಡೆ ಹುಡುಕುತ್ತದೆ. ಅಳತೆ ಪ್ರತಿಸಲ ಬೇರೆ ಬರುತ್ತದೆ. ಆದ್ದರಿಂದ ಸ್ಕರ್ಟಿಂಗ್ ಇಲ್ಲದ ಜಾಗ ಹುಡುಕಿ: ನೆಲಮುಟ್ಟ ಇರುವ ವಾರ್ಡ್‌ರೋಬಿನ ಪಕ್ಕದ ಹಲಗೆ, ಇಲ್ಲವೇ ಮುಚ್ಚಿದ ಸಮತಟ್ಟು ಬಾಗಿಲು.

ದರ್ಜಿಯ ಬಟ್ಟೆ ಟೇಪು ಬೇಡ, ಬಳಸಿದಂತೆ ಹಿಗ್ಗುತ್ತದೆ. ಬಡಗಿಯ ಸ್ಟೀಲ್ ಟೇಪು ತಂದು, ತುದಿ ನೆಲಕ್ಕೆ ತಾಗುವಂತೆ ನೆಟ್ಟಗೆ ಹಿಡಿದು ಅಂಟಿಸಿ. ತಲೆಯ ಮೇಲೆ ಇಡಲು ಮೂಲೆಮಟ್ಟ ಸಿಕ್ಕರೆ ಉತ್ತಮ; ಇಲ್ಲದಿದ್ದರೆ ಗಟ್ಟಿ ರಟ್ಟಿನ ದಪ್ಪ ಪುಸ್ತಕ. ಪೆನ್ಸಿಲನ್ನು ತಲೆಯ ಮೇಲೆ ಅಡ್ಡ ಹಿಡಿದು ಗೆರೆ ಎಳೆಯುವ ಪದ್ಧತಿ ಇದೆಯಲ್ಲ, ಅದರಲ್ಲಿ ಪೆನ್ಸಿಲ್ ಒಂದಿಷ್ಟು ಓರೆಯಾದರೆ ಸಾಕು, ಒಂದು ಸೆಂ.ಮೀ. ಹೋಯಿತು.

ಶೂ, ಸಾಕ್ಸ್, ಕ್ಲಿಪ್ಪು ತೆಗೆಸಿ, ಜಡೆ ಬಿಚ್ಚಿಸಿ. ಹಿಮ್ಮಡಿ, ಕುಂಡಿ, ಭುಜದ ಹಿಂಭಾಗ ಹಲಗೆಗೆ ತಾಗಲಿ. ಕಣ್ಣುಗುಳಿಯ ಕೆಳ ಅಂಚೂ ಕಿವಿಯ ತೂತಿನ ಮೇಲಂಚೂ ನೆಲಕ್ಕೆ ಸಮನಾದ ಒಂದೇ ಗೆರೆಯಲ್ಲಿರಬೇಕು. ಮಕ್ಕಳು ಎತ್ತರ ಕಾಣಲೆಂದು ಗದ್ದ ಎತ್ತುತ್ತಾರೆ. ಹಾಗೆ ಮಾಡಿದರೆ ಅಳತೆ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಉಸಿರು ಒಳಗೆಳೆದುಕೊಳ್ಳಲು ಹೇಳಿ, ಮೂಲೆಮಟ್ಟವನ್ನು ಕೂದಲು ಒತ್ತುವಷ್ಟು ಇಳಿಸಿ, ಮಿಲಿಮೀಟರಿನವರೆಗೆ ಓದಿ. ಮಗುವನ್ನು ಆಚೆ ಕಳಿಸಿ ಮತ್ತೆ ನಿಲ್ಲಿಸಿ. ಹೀಗೆ ಮೂರು ಸಲ ಅಳೆದು ಸರಾಸರಿ ಬರೆಯಿರಿ. ಮೂರರ ನಡುವೆ ಅರ್ಧ ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ನಿಲ್ಲಿಸುವ ಕ್ರಮದಲ್ಲೇ ಏನೋ ತಪ್ಪಿದೆ.

ಪ್ರತಿಸಲವೂ ಒಂದೇ ಹೊತ್ತಿನಲ್ಲಿ ಅಳೆಯಿರಿ. ಬೆಳಿಗ್ಗೆ ಎದ್ದಾಗ ಇದ್ದ ಎತ್ತರ ಸಂಜೆಗೆ ಸುಮಾರು ಒಂದು ಸೆಂ.ಮೀ. ಇಳಿದಿರುತ್ತದೆ. ಎರಡು ವರ್ಷ ತುಂಬದ ಕೂಸನ್ನು ಮಲಗಿಸಿ ಅಳೆಯಬೇಕು. ನಿಲ್ಲಿಸಿ ಅಳೆದರೆ 0.7 ಸೆಂ.ಮೀ.ಯಷ್ಟು ಕಡಿಮೆ ಬರುತ್ತದೆ. ಎರಡು ವರ್ಷದ ಆಸುಪಾಸಿನಲ್ಲಿ "ಬೆಳವಣಿಗೆ ನಿಂತುಬಿಟ್ಟಿತು" ಎಂದು ಗಾಬರಿಯಾಗುವ ಹಲವರ ಕಥೆ ಇಷ್ಟೇ: ಮಲಗಿಸಿ ಅಳೆಯುತ್ತಿದ್ದವರು ನಿಲ್ಲಿಸಿ ಅಳೆದಿರುತ್ತಾರೆ.

ಗೋಡೆಯ ಮೇಲಿನ ಗೆರೆಯನ್ನು ನೆಚ್ಚಬೇಡಿ. ಬಾಡಿಗೆ ಮನೆ ಬಿಡುವಾಗ ಪೇಂಟ್ ಹೊಡೆಸಿದರೆ ನಾಲ್ಕು ವರ್ಷದ ಲೆಕ್ಕವೂ ಅದರಡಿ ಹೋಗುತ್ತದೆ. ತಾರೀಖು, ಹೊತ್ತು, ಎತ್ತರ, ತೂಕ ಇಷ್ಟನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹಳೆಯ ತಾಯಿ ಕಾರ್ಡು, ಲಸಿಕೆಯ ಪುಸ್ತಕ, ಶಾಲೆಯ ಹೆಲ್ತ್ ಕಾರ್ಡುಗಳಲ್ಲಿ ಇರುವ ಅಳತೆಗಳನ್ನೂ ಅದಕ್ಕೇ ಇಳಿಸಿಕೊಳ್ಳಿ.

ವಂಶ ಏನು ಹೇಳುತ್ತದೆ

ಅಪ್ಪ ಅಮ್ಮ ಇಬ್ಬರ ಎತ್ತರವನ್ನೂ ಇದೇ ಹಲಗೆಗೆ ನಿಲ್ಲಿಸಿ ಅಳೆಯಿರಿ. ಬಾಯಲ್ಲಿ ಹೇಳಿದ ಎತ್ತರ ಸಾಮಾನ್ಯವಾಗಿ ಒಂದೆರಡು ಸೆಂ.ಮೀ. ಜಾಸ್ತಿಯೇ ಇರುತ್ತದೆ. ಆಮೇಲೆ ಲೆಕ್ಕ ಹೀಗೆ: ಗಂಡುಮಗುವಾದರೆ ಇಬ್ಬರ ಎತ್ತರ ಕೂಡಿಸಿ 13 ಸೇರಿಸಿ ಎರಡರಿಂದ ಭಾಗಿಸಿ, ಹೆಣ್ಣುಮಗುವಾದರೆ 13 ಕಳೆದು ಭಾಗಿಸಿ. ಅಪ್ಪ 168, ಅಮ್ಮ 154 ಸೆಂ.ಮೀ. ಅಂದುಕೊಳ್ಳಿ. ಮಗನಿಗೆ 167.5, ಮಗಳಿಗೆ 154.5 ಬರುತ್ತದೆ. ಇದರ ಹಿಂದೆ ಮುಂದೆ ಸುಮಾರು 8 ಸೆಂ.ಮೀ. ಬಿಡಿ. ದೊಡ್ಡವರಾದ ಮೇಲೆ ಮಗ 159ರಿಂದ 176ರ ನಡುವೆ, ಮಗಳು 146ರಿಂದ 163ರ ನಡುವೆ ಎಲ್ಲಿ ನಿಂತರೂ ಅದು ಆ ಮನೆಗೆ ಸಹಜ.

ಈ ಲೆಕ್ಕಕ್ಕೆ ಎರಡು ಮಿತಿಗಳಿವೆ. ಅಪ್ಪ ಅಮ್ಮ ತಾವು ಚಿಕ್ಕವರಿದ್ದಾಗ ಅರೆಹೊಟ್ಟೆಯಲ್ಲಿ ಬೆಳೆದಿದ್ದರೆ ಅವರ ಎತ್ತರ ಅವರ ಜೀನುಗಳು ಕೊಡಬಹುದಾಗಿದ್ದಷ್ಟು ಇರುವುದಿಲ್ಲ. ಅಂಥ ಮನೆಯಲ್ಲಿ ಮಗು ಲೆಕ್ಕ ಮೀರಿ ಬೆಳೆಯಬಹುದು. ದಕ್ಷಿಣ ಕೊರಿಯಾದ ಹೆಂಗಸರು ಒಂದೇ ಶತಮಾನದಲ್ಲಿ ಸರಾಸರಿ 20 ಸೆಂ.ಮೀ. ಎತ್ತರವಾದರು, ಅಷ್ಟರಲ್ಲಿ ಜೀನು ಬದಲಾಗುವ ಮಾತೇ ಇಲ್ಲ, ಬದಲಾದದ್ದು ಬದುಕು. ಎರಡನೆಯದು, ಅಪ್ಪನೋ ಅಮ್ಮನೋ ತೀರಾ ಗಿಡ್ಡವಾಗಿದ್ದು, ಕೈಕಾಲು ಮೈಗೆ ಹೋಲಿಸಿದರೆ ಚಿಕ್ಕದಾಗಿದ್ದರೆ, ಅವರಿಗೇ ಪತ್ತೆಯಾಗದ ಮೂಳೆಯ ದೋಷ ಇರಬಹುದು. ಆಗ "ವಂಶ" ಅಂದುಬಿಟ್ಟರೆ ರೋಗಕ್ಕೆ ಹೆಸರು ಬದಲಿಸಿದಂತಾಯಿತು.

ಎತ್ತರದ ಮೇಲೆ ಕೆಲಸ ಮಾಡುವ ಜೀನು ಒಂದೆರಡಲ್ಲ. 2022ರಲ್ಲಿ ಪ್ರಕಟವಾದ, ಸುಮಾರು 54 ಲಕ್ಷ ಜನರ ಡಿಎನ್‌ಎ ನೋಡಿದ ಅಧ್ಯಯನದಲ್ಲಿ 12,000ಕ್ಕೂ ಹೆಚ್ಚು ಕಡೆ ಸಣ್ಣ ಸಣ್ಣ ವ್ಯತ್ಯಾಸಗಳು ಸಿಕ್ಕವು. ಅದರಲ್ಲಿ ಹೆಚ್ಚಿನವರು ಯೂರೋಪು ಮೂಲದವರು. ಅವರಲ್ಲೇ ಎತ್ತರದ ವ್ಯತ್ಯಾಸದ ಸುಮಾರು 40 ಶೇಕಡಾವನ್ನು ಮಾತ್ರ ಅವು ವಿವರಿಸಿದವು, ನಮ್ಮಂಥವರಲ್ಲಿ ಇನ್ನೂ ಕಡಿಮೆ. ಹಾಗಾಗಿ ಎಂಜಲು ಕಳಿಸಿ ಮಗುವಿನ ಎತ್ತರ ಹೇಳಿಸಿಕೊಳ್ಳುವ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಮೇಲಿನ ಕೂಡು ಕಳೆ ಲೆಕ್ಕ ಬಿಟ್ಟಿ, ನಮ್ಮ ಕೆಲಸಕ್ಕೆ ಸಾಕು.

ವೇಗ ನೋಡುವುದು

ಹುಟ್ಟಿದಾಗ ಕೂಸು ಸುಮಾರು 50 ಸೆಂ.ಮೀ. ಮೊದಲ ವರ್ಷ 25, ಎರಡನೆಯ ವರ್ಷ 10ರಿಂದ 12, ಆಮೇಲೆ ನಾಲ್ಕರವರೆಗೆ ವರ್ಷಕ್ಕೆ 7ರ ಆಸುಪಾಸು ಬೆಳೆಯುತ್ತದೆ. ನಾಲ್ಕು ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮೀಟರ್. ಅಲ್ಲಿಂದ ಹರೆಯದವರೆಗೆ ವರ್ಷಕ್ಕೆ 5ರಿಂದ 6. ಹೆಣ್ಣುಮಕ್ಕಳು ಸುಮಾರು 12ರ ಹೊತ್ತಿಗೆ, ಗಂಡುಮಕ್ಕಳು 14ರ ಹೊತ್ತಿಗೆ ಜೋರಾಗಿ ಏಳುತ್ತಾರೆ. ಆ ಒಂದು ವರ್ಷದಲ್ಲಿ 8ರಿಂದ 10 ಸೆಂ.ಮೀ. ಕೂಡುತ್ತದೆ. ಮೊದಲ ಮುಟ್ಟಾದ ಮೇಲೆ ಹುಡುಗಿ ಸಾಮಾನ್ಯವಾಗಿ ಇನ್ನು 5ರಿಂದ 7 ಸೆಂ.ಮೀ. ಮಾತ್ರ ಬೆಳೆಯುತ್ತಾಳೆ. "ಹದಿನೆಂಟರವರೆಗೂ ಬೆಳೀತಾಳೆ ಬಿಡಿ" ಎಂದು ಮೈನೆರೆದ ಮಗಳ ವಿಷಯದಲ್ಲಿ ಕಾಯುತ್ತಾ ಕೂರುವುದು ಅದಕ್ಕೇ ದೊಡ್ಡ ತಪ್ಪು.

ವೇಗದ ಲೆಕ್ಕ ಸುಲಭ: ಎರಡು ಅಳತೆಗಳ ವ್ಯತ್ಯಾಸವನ್ನು ನಡುವಿನ ತಿಂಗಳುಗಳಿಂದ ಭಾಗಿಸಿ 12ರಿಂದ ಗುಣಿಸಿ. ಜೂನಿನಲ್ಲಿ 112.4, ಡಿಸೆಂಬರಿನಲ್ಲಿ 114.6 ಇದ್ದರೆ ಆರು ತಿಂಗಳಿಗೆ 2.2, ವರ್ಷಕ್ಕೆ 4.4. ತಿಂಗಳು ತಿಂಗಳೂ ಅಳೆಯುವ ಆತುರ ಬೇಡ. ಮೂರು ತಿಂಗಳಿಗೆ ಅಳೆದು ಅರ್ಧ ಸೆಂ.ಮೀ. ತಪ್ಪಿದರೆ ವರ್ಷದ ಲೆಕ್ಕದಲ್ಲಿ ಅದು ಎರಡು ಸೆಂ.ಮೀ. ತಪ್ಪಾಗಿ ನಿಲ್ಲುತ್ತದೆ, ಚೆನ್ನಾಗಿರುವ ಮಗು ರೋಗಿಯಂತೆಯೂ ರೋಗಿ ಚೆನ್ನಾಗಿರುವಂತೆಯೂ ಕಾಣುತ್ತದೆ. ಆರು ತಿಂಗಳಿಗೊಮ್ಮೆ ಅಳೆಯಿರಿ, ತೀರ್ಮಾನ ಮಾತ್ರ ಹನ್ನೆರಡು ತಿಂಗಳ ಮೇಲೆ.

ಅಂಕಿಗಳನ್ನು ಚಾರ್ಟಿನ ಮೇಲೆ ಚುಕ್ಕಿ ಇಡಿ. ಐದು ವರ್ಷದವರೆಗೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ಚಾರ್ಟು, 5ರಿಂದ 18ರವರೆಗೆ ಭಾರತೀಯ ಮಕ್ಕಳ ತಜ್ಞರ ಸಂಘ ಐಎಪಿಯ 2015ರ ಚಾರ್ಟು. ಮೊದಲ ಎರಡು ವರ್ಷದಲ್ಲಿ ಮಗು ಗೆರೆ ದಾಟಿ ಮೇಲೆ ಕೆಳಗೆ ಹೋಗುವುದು ಸಹಜ, ಅದು ತನ್ನ ವಂಶದ ಗೆರೆ ಹುಡುಕಿಕೊಳ್ಳುತ್ತಿರುತ್ತದೆ. ಮೂರರ ಮೇಲೆ ಗೆರೆ ಬಿಟ್ಟು ಕೆಳಗಿಳಿದರೆ ಕಾರಣ ಹುಡುಕಲೇಬೇಕು.

ಎತ್ತರದ ಜೊತೆ ತೂಕವನ್ನೂ ಓದಿದರೆ ಕಾರಣದ ಸುಳಿವು ಅಲ್ಲೇ ಸಿಗುತ್ತದೆ. ತೂಕ ಮೊದಲು ಕುಸಿದು ಆಮೇಲೆ ಎತ್ತರ ನಿಧಾನವಾದರೆ ಊಟ, ಕರುಳು, ದೀರ್ಘ ಕಾಯಿಲೆಯ ಕಡೆ ನೋಡಿ. ಮಗು ದಪ್ಪಗಾಗುತ್ತಾ ಎತ್ತರ ನಿಂತರೆ ಥೈರಾಯ್ಡ್ ಮುಂತಾದ ಹಾರ್ಮೋನಿನ ತೊಂದರೆ ಇರಬಹುದು. ದಪ್ಪಗಾಗುತ್ತಾ ಎತ್ತರವೂ ಜೋರಾಗಿ ಏರುತ್ತಿದ್ದರೆ ಅದು ಹೆಚ್ಚಿನ ಊಟದ ಫಲ; ಇಲ್ಲಿ ಅಪಾಯ ಬೇರೆ, ಹರೆಯ ಬೇಗ ಬಂದು ಫಲಕ ಬೇಗ ಮುಚ್ಚಬಹುದು. ತರಗತಿಯಲ್ಲಿ ಎಲ್ಲರಿಗಿಂತ ಎತ್ತರವಿದ್ದ ಹುಡುಗಿ ಆಮೇಲೆ ಎಲ್ಲರಿಗಿಂತ ಗಿಡ್ಡವಾಗಿ ಉಳಿಯುವುದು ಹೀಗೆ. ಎಂಟು ತುಂಬುವ ಮೊದಲೇ ಹುಡುಗಿಯಲ್ಲಿ, ಒಂಬತ್ತು ತುಂಬುವ ಮೊದಲೇ ಹುಡುಗನಲ್ಲಿ ಹರೆಯದ ಗುರುತು ಕಂಡರೆ ಕಾಯದೆ ತೋರಿಸಿ.

ನಮ್ಮ ಕೈಲಿರುವುದು

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದರೊಳಗಿನ ಮಕ್ಕಳಲ್ಲಿ 35.4 ಶೇಕಡಾ ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಇದನ್ನು ವಂಶದ ತಲೆಗೆ ಕಟ್ಟಲಾಗದು. ವಿಶ್ವ ಆರೋಗ್ಯ ಸಂಸ್ಥೆ ಚಾರ್ಟು ಮಾಡಲು ಆರು ದೇಶಗಳ ಮಕ್ಕಳನ್ನು ಅಳೆದಾಗ, ಚೆನ್ನಾಗಿ ಉಂಡು ಬೆಳೆದ ದೆಹಲಿಯ ಕೂಸುಗಳೂ ನಾರ್ವೆಯ ಕೂಸುಗಳೂ ಹೆಚ್ಚುಕಡಿಮೆ ಒಂದೇ ಉದ್ದಕ್ಕೆ ಬೆಳೆದಿದ್ದವು.

ಸುಣ್ಣದ ಅಂಶದ ಲೆಕ್ಕ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2020ರ ಪಟ್ಟಿಯಂತೆ 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ 650 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, 13ರಿಂದ 15ಕ್ಕೆ 1000. ಇನ್ನೂರು ಎಂಎಲ್‌ನ ಎರಡು ಲೋಟ ಹಾಲು ಅಥವಾ ಅಷ್ಟೇ ಮೊಸರಿನಲ್ಲಿ ಸುಮಾರು 470 ಸಿಗುತ್ತದೆ. ನೂರು ಗ್ರಾಂ ರಾಗಿಯಲ್ಲಿ 350ರ ಆಸುಪಾಸು ಇರುವುದರಿಂದ 50 ಗ್ರಾಂ ಹಿಟ್ಟಿನ ಒಂದು ಸಣ್ಣ ಮುದ್ದೆಗೆ 175. ಎಂಟು ವರ್ಷದ ಮಗುವಿಗೆ ಅಲ್ಲಿಗೆ ಬಹುತೇಕ ತುಂಬಿತು. ನುಗ್ಗೆಸೊಪ್ಪಿನ ಪಲ್ಯ, ಎಳ್ಳಿನ ಚಿಗುಳಿ ಸೇರಿದರೆ ಬೇಕಾದಷ್ಟಾಗಿ ಮಿಗುತ್ತದೆ. ರಾಗಿಯಲ್ಲಿರುವ ಫೈಟೇಟ್ ಒಂದಿಷ್ಟು ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ರಾಗಿಯನ್ನು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸುವ ಹಳೆಯ ರಾಗಿಸರಿಯ ಪದ್ಧತಿಯಲ್ಲಿ ಫೈಟೇಟ್ ಕಡಿಮೆಯಾಗುತ್ತದೆ. ಆದರೆ ಕೂಸಿಗೆ ಬರೀ ರಾಗಿಸರಿಯಲ್ಲೇ ವರ್ಷ ದೂಡಬಾರದು. ಆರು ತಿಂಗಳ ಮೇಲೆ ಎದೆಹಾಲಿನ ಜೊತೆ ಬೇಳೆ, ಮೊಟ್ಟೆ, ತುಪ್ಪವೂ ಬೇಕು. ಎರಡು ವರ್ಷದೊಳಗೆ ಕಳೆದುಕೊಂಡ ಎತ್ತರವನ್ನು ಆಮೇಲೆ ಪೂರ್ತಿ ವಾಪಸು ಪಡೆಯುವುದು ಬಹಳ ಕಷ್ಟ.

ವಿಟಮಿನ್ ಡಿ ವಿಷಯದಲ್ಲಿ ಬೆಂಗಳೂರಿಗೆ ಬಿಸಿಲಿನ ಕೊರತೆಯಿಲ್ಲ, ಬಿಸಿಲಿಗೆ ಬೀಳುವ ಮಕ್ಕಳ ಕೊರತೆ. ಬೇಕಾದ ಕಿರಣ ಹೆಚ್ಚಾಗಿ ಬೀಳುವುದು ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರ ನಡುವೆ. ಗುರುತು ಬೇಕಾದರೆ, ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತು. ಬೆಳಿಗ್ಗೆ ಏಳರ ಎಳೆಬಿಸಿಲು ಹಿತವಾದರೂ ಈ ಕೆಲಸಕ್ಕೆ ಬಾರದು. ಬಾಲ್ಕನಿಯ ಗಾಜು, ಶಾಲಾ ವ್ಯಾನಿನ ಗಾಜು ಆ ಕಿರಣವನ್ನು ತಡೆಯುತ್ತವೆ. ಕೈಕಾಲು ತೆರೆದು ಅರ್ಧ ಗಂಟೆ, ವಾರಕ್ಕೆ ನಾಲ್ಕೈದು ದಿನ. ಒಂದು ವರ್ಷದೊಳಗಿನ ಕೂಸಿಗೆ ವೈದ್ಯರು ಬರೆಯುವ ದಿನಕ್ಕೆ 400 ಯೂನಿಟ್ಟಿನ ಹನಿಯನ್ನು ತಪ್ಪಿಸಬೇಡಿ. ಮೆಡಿಕಲ್ ಸ್ಟೋರಿನಿಂದ 60,000 ಯೂನಿಟ್ಟಿನ ಪೊಟ್ಟಣ ತಂದು ವಾರ ವಾರವೂ ತಿಂಗಳುಗಟ್ಟಲೆ ಕುಡಿಸುವುದು ಅಪಾಯ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಅತಿ ಬಾಯಾರಿಕೆ, ಮೂತ್ರಪಿಂಡದ ಕಲ್ಲು ಬರುತ್ತವೆ.

ಗಾಢ ನಿದ್ದೆಯಲ್ಲಿ ಬೆಳವಣಿಗೆಯ ಹಾರ್ಮೋನು ಹೆಚ್ಚು ಹರಿಯುತ್ತದೆ: 6ರಿಂದ 12 ವರ್ಷದವರಿಗೆ 9 ಗಂಟೆಗೆ ಕಡಿಮೆಯಿಲ್ಲದ ನಿದ್ದೆ. ಉಬ್ಬಸಕ್ಕೆ ದಿನವೂ ಸ್ಟೀರಾಯ್ಡ್ ಇನ್‌ಹೇಲರ್ ತೆಗೆದುಕೊಳ್ಳುವ ಮಗುವಿಗೆ ಕೊನೆಯ ಎತ್ತರದಲ್ಲಿ ಒಂದು ಸೆಂ.ಮೀ.ಯಷ್ಟು ಕಡಿಮೆಯಾಗಬಹುದು, ಅದಕ್ಕೆ ಹೆದರಿ ಔಷಧಿ ನಿಲ್ಲಿಸಿದರೆ ಹತೋಟಿ ತಪ್ಪಿದ ಉಬ್ಬಸ ಉಸಿರಿಗೂ ಬೆಳವಣಿಗೆಗೂ ಹೆಚ್ಚು ಕೇಡು ಮಾಡುತ್ತದೆ.

ಕಾವೇರಿ ನೀರು ಬಾರದ, ಬೋರ್‌ವೆಲ್ ಅಥವಾ ಟ್ಯಾಂಕರ್ ನೀರನ್ನೇ ಕುಡಿಯುವ ಬಡಾವಣೆಗಳವರು, ಹೆಚ್ಚಾದರೆ ಮೂಳೆಗೆ ಕೇಡು ಮಾಡುವ ಫ್ಲೋರೈಡ್ ನೀರಿನಲ್ಲಿ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯಿಂದ ಬಂದ ಮಕ್ಕಳಿದ್ದರಂತೂ ಮರೆಯಬೇಡಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಕ್ಯಾಂಡಲ್ ಫಿಲ್ಟರೂ ಯುವಿ ಯಂತ್ರವೂ ತೆಗೆಯವು. ಆರ್‌ಒ ಬೇಕು, ಅಡುಗೆಗೂ ಅದೇ ನೀರು.

ಬಾಗಿದ ಕಾಲು: ಒಂದೇ ನೋಟ, ಹಲವು ಕಾರಣ

ಎರಡು ವರ್ಷದವರೆಗೆ ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿರುವುದೂ, ಮೂರು ನಾಲ್ಕರಲ್ಲಿ ಮಂಡಿಗಳು ಒಂದಕ್ಕೊಂದು ತಾಗುವುದೂ ಸಹಜ. ಏಳರ ಹೊತ್ತಿಗೆ ನೆಟ್ಟಗಾಗುತ್ತವೆ. ಬಾಗು ಒಂದೇ ಕಾಲಿನಲ್ಲಿದ್ದರೆ, ವಯಸ್ಸಿನೊಂದಿಗೆ ಹೆಚ್ಚುತ್ತಿದ್ದರೆ, ಮಣಿಕಟ್ಟು ದಪ್ಪಗಾಗಿದ್ದರೆ, ಪಕ್ಕೆಲುಬಿನ ಮುಂತುದಿಗಳು ಮಣಿ ಪೋಣಿಸಿದಂತೆ ಕೈಗೆ ಸಿಕ್ಕರೆ, ಅದು ರಿಕೆಟ್ಸ್ ಇರಬಹುದು.

ರಿಕೆಟ್ಸ್ ಅಂದರೆ ಫಲಕದಲ್ಲಿ ಕೋಶಗಳು ಸಾಲುಗಟ್ಟಿವೆ, ಸುಣ್ಣ ಮಾತ್ರ ಕೂತಿಲ್ಲ. ಹೆಚ್ಚಿನ ಮಕ್ಕಳಲ್ಲಿ ಕಾರಣ ವಿಟಮಿನ್ ಡಿ ಕೊರತೆ, ಕ್ಯಾಲ್ಸಿಯಂ ಕೊರತೆ, ಇಲ್ಲವೇ ಎರಡೂ. ಬರೀ ಡಿ ಕುಡಿಸಿ ಹಾಲು ಮೊಸರು ಕೊಡದಿದ್ದರೆ ವಾಸಿಯಾಗದೆ ಉಳಿಯುವುದು ಇದಕ್ಕೇ. ಎರಡನ್ನೂ ಸರಿಯಾದ ಅಳತೆಯಲ್ಲಿ ಕೊಟ್ಟು ಮೂರು ತಿಂಗಳಾದರೂ ಎಕ್ಸ್‌ರೇ ಸುಧಾರಿಸದಿದ್ದರೆ ರಕ್ತದ ಫಾಸ್ಫರಸ್ ನೋಡಿಸಿ. ಅದು ಕಡಿಮೆ ಇದ್ದು ಕ್ಯಾಲ್ಸಿಯಂ ಸರಿಯಿದ್ದರೆ ಪಿಎಚ್‌ಇಎಕ್ಸ್ ಜೀನಿನ ದೋಷ ಇರಬಹುದು. ಅದರಲ್ಲಿ ಮೂತ್ರಪಿಂಡ ಫಾಸ್ಫೇಟನ್ನು ಸೋರಿಸುತ್ತದೆ, ಚಿಕಿತ್ಸೆಯೇ ಬೇರೆ. ಕಣ್ಣಿಗೆ ಕಾಣುವ ಕಾಲು ಒಂದೇ. ಒಂದಕ್ಕೆ ಮನೆಯ ಊಟ ಮದ್ದು, ಇನ್ನೊಂದಕ್ಕೆ ಎಷ್ಟು ಊಟ ಹಾಕಿದರೂ ಸಾಲದು.

ಈ ಗೊಂದಲ ಕರ್ನಾಟಕಕ್ಕೆ ಹೊಸದಲ್ಲ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮಂಡಿ ನೋವಿನಿಂದ ನಡೆಯಲಾಗದ, ಕೆಲವರಲ್ಲಿ ಎತ್ತರವೂ ಕುಂಠಿತವಾದ ಕಾಯಿಲೆ ಬೆಳಕಿಗೆ ಬಂತು. ಗದ್ದೆಗೆ ಹೊಡೆದ ಕೀಟನಾಶಕ ಸೇರಿದ ಏಡಿ ತಿಂದದ್ದೇ ಕಾರಣ ಎಂದು ಮೊದಲು ಶಂಕಿಸಿದರು. ಮುಂದೆ ಮನೆಮನೆಯ ವಂಶವೃಕ್ಷ ಬರೆದು ಎಕ್ಸ್‌ರೇ ತೆಗೆದು ನೋಡಿದಾಗ, ತಂದೆ ಅಥವಾ ತಾಯಿ ಒಬ್ಬರಿಂದಲೇ ಮಕ್ಕಳಿಗೆ ಇಳಿಯಬಲ್ಲ ಮೂಳೆಯ ದೋಷ ಅದು ಎಂದು ತಿಳಿಯಿತು. ನಿಮ್ಮ ಮನೆಯಲ್ಲೂ ಮೂರು ತಲೆಮಾರಿನ ಪಟ್ಟಿ ಬರೆದಿಡಿ: ಯಾರು ತೀರಾ ಗಿಡ್ಡ, ಯಾರಿಗೆ ಚಿಕ್ಕಂದಿನಲ್ಲೇ ಸೊಂಟ ಮಂಡಿ ನೋವು, ಯಾರ ಕಾಲು ಬಾಗಿತ್ತು, ಯಾರಿಗೆ ಹರೆಯ ತಡವಾಯಿತು, ಸೋದರಿಕೆಯಲ್ಲಿ ಮದುವೆ ಆಗಿದೆಯೇ.

ಆಸ್ಪತ್ರೆಗೆ ಹೋಗುವಾಗ

ನಾಲ್ಕರಿಂದ ಹರೆಯದ ನಡುವೆ ವರ್ಷಕ್ಕೆ 5 ಸೆಂ.ಮೀ.ಗಿಂತ ಕಡಿಮೆ ಬಂದರೆ ಮತ್ತೊಮ್ಮೆ ಎಚ್ಚರಿಕೆಯಿಂದ ಅಳೆಯಿರಿ, 4ಕ್ಕಿಂತ ಕಡಿಮೆಯಿದ್ದರೆ ನೇರ ಮಕ್ಕಳ ತಜ್ಞರ ಹತ್ತಿರ ಹೋಗಿ. ಚಾರ್ಟಿನಲ್ಲಿ 3 ಎಂದು ಗುರುತಿಸಿದ ಗೆರೆಗಿಂತ ಕೆಳಗಿದ್ದರೆ, ಮನೆಯ ಲೆಕ್ಕಕ್ಕಿಂತ ತೀರಾ ಕೆಳಗೆ ಸಾಗುತ್ತಿದ್ದರೆ, ಕೈಕಾಲು ಮೈ ಅಳತೆಗೆ ಹೊಂದದಿದ್ದರೆ ಕೂಡ. ಹತ್ತರ ಹೊತ್ತಿಗೆ ಚಾಚಿದ ಎರಡು ಕೈಗಳ ಅಗಲ ಎತ್ತರಕ್ಕೆ ಹೆಚ್ಚುಕಡಿಮೆ ಸಮ ಇರಬೇಕು.

ವೈದ್ಯರು ಸಾಮಾನ್ಯವಾಗಿ ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ಬರೆಯುತ್ತಾರೆ. ಮಣಿಕಟ್ಟಿನ ಸಣ್ಣ ಮೂಳೆಗಳು ಎಷ್ಟು ಮೂಡಿವೆ, ಬೆರಳ ಬುಡದ ಕಪ್ಪು ಗೆರೆ ಎಷ್ಟು ತೆರೆದಿದೆ ಎಂದು ನೋಡಿ ಮೂಳೆಯ ವಯಸ್ಸು ಹೇಳುತ್ತಾರೆ. ಹನ್ನೆರಡರ ಹುಡುಗನ ಮೂಳೆ ಹತ್ತರದ್ದಾಗಿದ್ದು, ವೇಗ ಸರಿಯಿದ್ದು, ಅಪ್ಪನಿಗೂ ಮೀಸೆ ತಡವಾಗಿ ಮೂಡಿತ್ತು ಅಂದರೆ ಅವನು ನಿಧಾನಕ್ಕೆ ಬೆಳೆಯುವ ಮನೆಯವನು, ಇನ್ನೂ ಬೆಳೆಯಲು ಕಾಲ ಉಳಿದಿದೆ. ಮೂಳೆಯ ವಯಸ್ಸು ಹುಟ್ಟಿದ ವಯಸ್ಸಿಗೆ ಸರಿಯಾಗಿದ್ದು, ವೇಗವೂ ಸರಿಯಿದ್ದು, ಅಪ್ಪ ಅಮ್ಮ ಗಿಡ್ಡವಿದ್ದರೆ ಆಗ ನಿಜಕ್ಕೂ ವಂಶ. ಮೂಳೆಯ ವಯಸ್ಸೂ ಹಿಂದೆ, ವೇಗವೂ ಕಡಿಮೆ ಅಂದರೆ ಕಾಯಿಲೆ ಹುಡುಕಬೇಕು: ರಕ್ತದ ಪೂರ್ಣ ಎಣಿಕೆ, ಮೈಯೊಳಗಿನ ಉರಿಯೂತ ಹೇಳುವ ಇಎಸ್‌ಆರ್, ಥೈರಾಯ್ಡಿನ ಟಿಎಸ್‌ಎಚ್ ಮತ್ತು ಟಿ4, ಕ್ಯಾಲ್ಸಿಯಂ, ಫಾಸ್ಫರಸ್, ಕ್ರಿಯೇಟಿನಿನ್, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯ ಪರೀಕ್ಷೆ. ಕಾರಣ ಸಿಗದ ಗಿಡ್ಡ ಹುಡುಗಿಗೆ ವರ್ಣತಂತುಗಳನ್ನು ನೋಡುವ ಕ್ಯಾರಿಯೋಟೈಪ್ ಪರೀಕ್ಷೆ ಕೇಳಿ. ಸುಮಾರು 2,500 ಹುಡುಗಿಯರಲ್ಲಿ ಒಬ್ಬಳಿಗೆ ಬರುವ ಟರ್ನರ್ ಸಿಂಡ್ರೋಮಿನಲ್ಲಿ ಎಷ್ಟೋ ಸಲ ಗಿಡ್ಡತನ ಬಿಟ್ಟು ಬೇರೆ ಗುರುತೇ ಇರುವುದಿಲ್ಲ. ರಕ್ತದಲ್ಲಿ ಎಎಲ್‌ಪಿ ಎಂಬ ಕಿಣ್ವ ದೊಡ್ಡವರ ಮಿತಿಗಿಂತ ಹೆಚ್ಚಿದೆ ಎಂದು ಲ್ಯಾಬಿನ ಕಾಗದದಲ್ಲಿ ಗುರುತು ಹಾಕಿದ್ದರೆ ಗಾಬರಿ ಬೇಡ, ಬೆಳೆಯುವ ಮಕ್ಕಳಲ್ಲಿ ಅದು ಹೆಚ್ಚೇ ಇರುತ್ತದೆ. ಯಾವಾಗಲೋ ಒಮ್ಮೆ ರಕ್ತ ತೆಗೆದು ಬೆಳವಣಿಗೆಯ ಹಾರ್ಮೋನು ಅಳೆಸುವುದರಿಂದ ಏನೂ ತಿಳಿಯದು. ಅದು ಬಿಟ್ಟು ಬಿಟ್ಟು ಹರಿಯುವಂಥದ್ದು, ಔಷಧಿ ಕೊಟ್ಟು ಕೆರಳಿಸಿ ಅಳೆಯಬೇಕು.

ನಗರದಲ್ಲಿ ಸರ್ಕಾರದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ವಾಣಿ ವಿಲಾಸ ಆಸ್ಪತ್ರೆಗಳಿವೆ. ಜೀನಿನ ದೋಷದ ಶಂಕೆಯಿದ್ದರೆ ಎಲೆಕ್ಟ್ರಾನಿಕ್ ಸಿಟಿಯ ಮಾನವ ತಳಿವಿಜ್ಞಾನ ಕೇಂದ್ರದಂಥ ಕಡೆಗೆ ವೈದ್ಯರೇ ಕಳಿಸುತ್ತಾರೆ. ನೋಟ್‌ಬುಕ್ಕು, ಅಪ್ಪ ಅಮ್ಮನ ಅಳತೆ, ಹುಟ್ಟಿದಾಗಿನ ತೂಕ, ಮೂರು ತಲೆಮಾರಿನ ಪಟ್ಟಿ, ಕೊಡುತ್ತಿರುವ ಎಲ್ಲ ಔಷಧಿ ಮತ್ತು ಪುಡಿಗಳ ಡಬ್ಬಿ ಜೊತೆಗಿರಲಿ. ಎಕ್ಸ್‌ರೇ ಆದ ಮೇಲೆ ರಿಪೋರ್ಟಿನ ಜೊತೆ ಫಿಲ್ಮನ್ನೂ ಕೇಳಿ ಪಡೆಯಿರಿ. ಮುಂದಿನ ವರ್ಷ ಅದೇ ಎಡಗೈಯ ಹೊಸ ಫಿಲ್ಮನ್ನು ಇದರ ಪಕ್ಕಕ್ಕಿಟ್ಟು ನೋಡಬೇಕಾಗುತ್ತದೆ.